ಲಕ್ಕುಂಡಿಗೆ ಅರ್ಧ ಗಂಟೆ ಸಾಲದು

ಗದಗ ಬಸ್ ಸ್ಟ್ಯಾಂಡ್ ಹೊರಗೆ ಆಟೋದವರೊಬ್ಬರು ಹಳೆಯ ಗುಡಿಗಳ ಊರು ಲಕ್ಕುಂಡಿಗೆ ಹೋಗಿ ಬರಲು 900 ರೂಪಾಯಿ ತಗೊಂಡರು. ಇರುವುದು ಸುಮಾರು 12 ಕಿಲೋಮೀಟರ್! ದುಡ್ಡಿಗಿಂತ ಜಾಸ್ತಿ ಸಿಟ್ಟು ಬಂದಿದ್ದು ಅವರ ಅವಸರಕ್ಕೆ. ಕಾಶಿವಿಶ್ವೇಶ್ವರ ಗುಡಿ ಮುಂದೆ ಇಳಿಸಿ "ಅರ್ಧ ತಾಸಿನಾಗ ಮುಗಸ್ರಿ ಸರ, ವೇಟಿಂಗ್ ಬ್ಯಾರೆ ಆಗತೈತಿ" ಅಂದರು, ಆಮೇಲೆ ಒಂದೇ ಸಮನೆ ಹಾರ್ನ್. ಕೊನೆಗೆ ಪೂರ್ತಿ ದುಡ್ಡು ಕೊಟ್ಟು ಕಳಿಸಿಬಿಟ್ಟೆವು. ನೀವು ಬಸ್ಸಿಗೇ ಹೋಗಿ, ಊರು ಕೊಪ್ಪಳ ರಸ್ತೆಯಲ್ಲೇ ಇದೆ. ಹತ್ತುವ ಮೊದಲು ಲಕ್ಕುಂಡಿಯಲ್ಲಿ ನಿಲ್ಲಿಸ್ತೀರಾ ಅಂತ ಕಂಡಕ್ಟರನ್ನು ಕೇಳಿ, ಅಷ್ಟೇ.

ಕಾಶಿವಿಶ್ವೇಶ್ವರದಲ್ಲಿ ಮೊದಲು ಬಾಗಿಲ ಚೌಕಟ್ಟಿನ ಮುಂದೆ ನಿಲ್ಲಿ. ಒಂದರ ಪಕ್ಕ ಒಂದು ಪಟ್ಟಿ, ಪಟ್ಟಿಯೊಳಗೆ ಬಳ್ಳಿ, ಬಳ್ಳಿಯ ಸುತ್ತಿನೊಳಗೆ ಪುಟ್ಟ ಪುಟ್ಟ ಬೊಂಬೆ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಉಳಿ ಎಷ್ಟು ಆಳಕ್ಕೆ ಹೋಗಿದೆ ಅನ್ನುವುದು ಗೊತ್ತಾಗುತ್ತದೆ. ಒಂದು ಏಟು ಜೋರಾಗಿ ಬಿದ್ದಿದ್ದರೆ ಆ ಬಳ್ಳಿ ಮುರಿಯುತ್ತಿತ್ತು, ಮುರಿದ ಕಲ್ಲಿಗೆ ಅಂಟು ಹಾಕೋಕಾಗಲ್ಲ ಅಲ್ವಾ? ಬಾದಾಮಿ, ಐಹೊಳೆಯಲ್ಲಿರುವುದು ಮರಳುಗಲ್ಲು, ಇಷ್ಟು ಸಣ್ಣ ಕೆಲಸ ಅದರಲ್ಲಿ ಕಷ್ಟ. ಇಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಹಿಡಿದದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತದೆ. ಕಲ್ಲು ಮೆತ್ತಗಿದ್ದ ಮಾತ್ರಕ್ಕೆ ಕೆಲಸ ಸುಲಭ ಅಂದುಕೊಳ್ಳಬೇಡಿ. ತಿರುಗಣೆಗೆ ಕೊಟ್ಟು ಕಡೆದ ಕಂಬಗಳನ್ನು ನೋಡಿ, ಬಳೆ ಜೋಡಿಸಿಟ್ಟ ಹಾಗೆ ಸಾಲು ಸಾಲು ಅಂಚು, ಎಲ್ಲೂ ಸೊಟ್ಟಗಿಲ್ಲ. ಆಳೆತ್ತರದ ಕಲ್ಲನ್ನು ತಿರುಗಿಸುತ್ತಾ ಅಷ್ಟು ತೆಳುವಾದ ಅಂಚು ಬಿಡಿಸಲು ಎಂಥ ತಾಳ್ಮೆ ಇರಬೇಕು!

ಲಕ್ಕುಂಡಿಯಲ್ಲೇ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಜೈನ ಬಸದಿ, ಬ್ರಹ್ಮ ಜಿನಾಲಯಕ್ಕೂ ಹೋಗಿ. ಮಧ್ಯಾಹ್ನ ಶಾಲಾ ಮಕ್ಕಳ ಗುಂಪು ಬಂದರೆ ಒಳಗೆ ನಿಲ್ಲೋಕೂ ಆಗಲ್ಲ, ನನಗಂತೂ ಆ ಗದ್ದಲ ತಡೆಯಲಾಗಲ್ಲ. ಬೆಳಗ್ಗೆ ಬೇಗ ಹೋಗುವುದೇ ಒಳ್ಳೆಯದು.

ಊಟ ಮಾತ್ರ ಗದಗಕ್ಕೆ ಬಂದೇ ಮಾಡಿ. ಸ್ಟ್ಯಾಂಡ್ ಹತ್ತಿರದ ಸಣ್ಣ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಕಿಕಾಳು ಪಲ್ಯ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು, ಜೊತೆಗೆ ಹಸಿ ಉಳ್ಳಾಗಡ್ಡಿ. ಬೇಡ ಅಂದರೂ ಅಜ್ಜಿ "ಇನ್ನೊಂದು ತಗೋರಿ, ಬಿಸಿ ಐತಿ" ಅಂತ ರೊಟ್ಟಿ ಹಾಕುತ್ತಲೇ ಇದ್ದರು. ಬಿಲ್ಲು 80 ರೂಪಾಯಿ. ಸಂಜೆ ಮಿರ್ಚಿ ತಿನ್ನದೆ ಊರು ಬಿಡಬೇಡಿ.

ಸಮಯ ಉಳಿದರೆ ಗದಗ ಜಿಲ್ಲೆಯದೇ ಇನ್ನೊಂದು ಊರು ಡಂಬಳದ ದೊಡ್ಡಬಸಪ್ಪ ಗುಡಿ ಸೇರಿಸಿಕೊಳ್ಳಿ. ಗರ್ಭಗುಡಿಯ ಹೊರಗೋಡೆ 24 ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ, ಪೂರ್ತಿ ಒಂದು ಸುತ್ತು ನಡೆದರೇ ಅದು ತಿಳಿಯುವುದು. ಎರಡನ್ನೂ ಒಂದೇ ಮಧ್ಯಾಹ್ನಕ್ಕೆ ತುರುಕುವುದಾದರೆ ಡಂಬಳ ಬಿಡಿ, ಲಕ್ಕುಂಡಿಯಲ್ಲೇ ಇರಿ.