ಬಿಲ್ಲಿನ ಸೀಸನ್‌ನಲ್ಲಿ ಕ್ರಾಸ್‌ಬೋ ಇರಲಿ ಬಿಡಿ

ಇಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಸೆಪ್ಟೆಂಬರ್ ಬಂತೆಂದರೆ ಎಲ್ಲೆಲ್ಲೂ ಜಿಂಕೆ ಬೇಟೆಯದೇ ಮಾತು. ಮೊದಲು ಬಿಲ್ಲಿನ ಸೀಸನ್, ಬಂದೂಕಿನ ಮುಖ್ಯ ಸೀಸನ್ ನವೆಂಬರ್‌ನಲ್ಲಿ. 2014ರಿಂದ ಬಿಲ್ಲಿನ ಜೊತೆಗೇ ಕ್ರಾಸ್‌ಬೋಗೂ (ಬಂದೂಕಿನಂತೆ ಹಿಡಿದು ಬಾಣ ಬಿಡುವ ಅಡ್ಡಬಿಲ್ಲು) ಎಲ್ಲರಿಗೂ ಅವಕಾಶ ಇದೆ. ಅದಕ್ಕೂ ಮೊದಲು 65 ದಾಟಿದವರಿಗೆ, ಅಂಗವಿಕಲರಿಗೆ ಮಾತ್ರ ಇತ್ತು. ಮತ್ತೆ ಹಾಗೇ ಮಾಡಿ ಅನ್ನುವ ಬಿಲ್ಲುಗಾರರಿದ್ದಾರೆ.

ಬಿಲ್ಲುಗಾರರ ಬೇಸರ ನನಗೆ ಅರ್ಥವಾಗುತ್ತದೆ. ಅವರು ಜಿಂಕೆಯ ಕಣ್ಣೆದುರೇ ಹೆದೆ ಎಳೆಯಬೇಕು. ಕೈ ಸ್ವಲ್ಪ ಅಲ್ಲಾಡಿದರೂ ಜಿಂಕೆ ಓಟ ಕೀಳುತ್ತದೆ. ಕ್ರಾಸ್‌ಬೋದಲ್ಲಿ ಹೆದೆಯನ್ನು ಮೊದಲೇ ಎಳೆದು ಸಿಕ್ಕಿಸಿರುತ್ತಾರೆ. ಸ್ಕೋಪ್‌ನಲ್ಲಿ ಗುರಿ ನೋಡಿ ಟ್ರಿಗರ್ ಒತ್ತುವುದಷ್ಟೇ.

ಆದರೂ ಎಲ್ಲರಿಗೂ ಇರಲಿ ಅಂತೀನಿ. ನಮ್ಮ ಪಕ್ಕದ ಮನೆಯ ಅಜ್ಜ ಭುಜದ ಆಪರೇಷನ್ ಆದಮೇಲೂ ಕಾಡಿಗೆ ಹೋಗುವುದು ಇದರಿಂದಲೇ. ಹಿಡಿಕೆ ತಿರುಗಿಸಿ ತಿರುಗಿಸಿ ನಿಧಾನವಾಗಿ ಹೆದೆ ಎಳೆಯುತ್ತಾರೆ, ಆಮೇಲೆ ಗಂಟೆಗಟ್ಟಲೆ ಕದಲದೆ ಕೂರುತ್ತಾರೆ. ಭುಜ ನೋಯುವುದಕ್ಕೆ 65 ಆಗಲೇಬೇಕು ಅಂತೇನಿಲ್ಲ ಅಲ್ವಾ? ಶಕ್ತಿ ಸಾಲದೆ ಬಿಟ್ಟ ಬಾಣ ತಗುಲಿ ಜಿಂಕೆ ನರಳುವುದಕ್ಕಿಂತ ಇದು ಎಷ್ಟೋ ವಾಸಿ. ಇನ್ನು ಜಿಂಕೆ ಕಡಿಮೆಯಾಗುತ್ತವೆ ಅನ್ನುವ ಚಿಂತೆಯಿದ್ದರೆ, ಕಡಿಮೆಯಾದ ಕಡೆ ಹೆಣ್ಣು ಜಿಂಕೆ ಬೇಟೆಯ ಪರ್ಮಿಟ್ ಕಡಿತ ಮಾಡಲಿ. ಸುಮ್ನೆ ಒಬ್ಬರ ಕೈಯಿಂದ ಕ್ರಾಸ್‌ಬೋ ಕಿತ್ತುಕೊಳ್ಳುವುದು ಬೇಡ.