ತಾಯಿ ಕಾರ್ಡ್ ಹಿಡಿದು ಬಂದವಳು

5 ಡಿಸೆಂಬರ್ 2023, ಮಂಗಳವಾರ

ಇವತ್ತು ಬಂದವಳಿಗೆ 22 ವರ್ಷ, ನಾಲ್ಕು ತಿಂಗಳ ಬಸುರಿ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ತಾಯಿ ಕಾರ್ಡ್ ಮಾಡಿಸುವಾಗ ಎಲ್ಲ ಬಸುರಿಯರ ಹಾಗೆ ಅವಳ ರಕ್ತವನ್ನೂ ಪರೀಕ್ಷೆ ಮಾಡಿದರು. ಮೂರೂ ಕಿಟ್‌ನಲ್ಲಿ ಎಚ್‌ಐವಿ ಪಾಸಿಟಿವ್ ಬಂತು.

ನಾನು ಕೌನ್ಸೆಲರ್ ಆಗಿ ಹನ್ನೊಂದು ವರ್ಷ ಆಯಿತು. ಈಗಲೂ ಆ ಮಾತು ಹೇಳುವಾಗ ಬಾಯಿ ಒಣಗುತ್ತದೆ.

ತುಂಬಾ ಹೊತ್ತು ಸೆರಗಿನ ತುದಿ ತಿರುವುತ್ತಾ ಕೂತಳು. ಆಮೇಲೆ ಕೇಳಿದಳು: "ಅಕ್ಕಾರ, ನಾ ಗಂಡನ್ನ ಬಿಟ್ಟು ಯಾರ ಹಂತೇಕನೂ ಹೋದಾಕಿ ಅಲ್ರಿ. ನನಗ ಹ್ಯಾಂಗ ಬಂತ್ರಿ?"

ಅವಳ ಬೆನ್ನ ಹಿಂದೆಯೇ ಡಿಸೆಂಬರ್ 1ರ ವಿಶ್ವ ಏಡ್ಸ್ ದಿನಕ್ಕೆ ಅಂಟಿಸಿದ ಪೋಸ್ಟರ್ ಇತ್ತು. 'ಸಂಗಾತಿಗೆ ನಿಷ್ಠರಾಗಿರಿ.' ಇವಳು ನಿಷ್ಠೆಯಿಂದಲೇ ಇದ್ದಳಲ್ಲ! ಅದನ್ನು ಕಿತ್ತು ಹಾಕಬೇಕು ಅನಿಸಿತು.

ಗಂಡ ಗೋವಾದಲ್ಲಿ ಗೌಂಡಿ ಕೆಲಸ ಮಾಡುತ್ತಾನೆ. ದೀಪಾವಳಿಗೆ, ಜಾತ್ರೆಗೆ ಊರಿಗೆ ಬರುತ್ತಾನೆ. ಅವನಿಗೂ ಗೊತ್ತಿರಲಿಕ್ಕಿಲ್ಲ. ಈ ವೈರಸ್ ಹಲವು ವರ್ಷ ಏನೂ ತೋರಿಸದೆ ಮೈಯಲ್ಲಿ ಇರುತ್ತದೆ. ಹೆಣ್ಣಿನ ಒಳಭಾಗದ ಚರ್ಮ ಮೆದು, ಅಗಲವೂ ಜಾಸ್ತಿ. ವೀರ್ಯ ಅಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಒಳಗೆ ಹುಣ್ಣಿದ್ದರೆ ಅವಳಿಗೇ ಕಾಣುವುದಿಲ್ಲ. ಅದಕ್ಕೇ ಗಂಡಿನಿಂದ ಹೆಣ್ಣಿಗೆ ಸೋಂಕು ಬೇಗ ದಾಟುತ್ತದೆ.

ಕಾಂಡೋಮ್ ಬಳಸಿ ಎನ್ನುತ್ತೇವೆ. ಮದುವೆಯಾದ ವರ್ಷದೊಳಗೆ 'ವಿಶೇಷ ಏನೂ ಇಲ್ವಾ' ಎಂದು ಓಣಿಯೆಲ್ಲ ಕೇಳುವಾಗ ಯಾವ ಹುಡುಗಿ ಕಾಂಡೋಮ್ ಮಾತು ಎತ್ತುತ್ತಾಳೆ? ಎತ್ತಿದರೆ 'ನನ್ನ ಮ್ಯಾಲ ಸಂಶಯಾನ?' ಎಂದು ಹೊಡೆತ.

ಇನ್ನೊಂದು ಸಂಕಟ. ಬಸುರಿಯ ಪರೀಕ್ಷೆ ಮೊದಲು ಆಗುವುದರಿಂದ ಮನೆಯಲ್ಲಿ ಮೊದಲು ಗೊತ್ತಾಗುವುದು ಅವಳದ್ದೇ. 'ಇಕೀನ ತಂದಾಳ' ಅಂದುಬಿಡುತ್ತಾರೆ. ಹಾಗೆ ತವರಿಗೆ ಅಟ್ಟಿಸಿಕೊಂಡವರನ್ನು ನಾನೇ ಎಷ್ಟೋ ಜನರನ್ನು ನೋಡಿದ್ದೇನೆ.

"ಅವ್ರಿಗೆ ಹೇಳಬ್ಯಾಡ್ರಿ, ಕೈ ಮುಗೀತೀನ್ರಿ" ಅಂದಳು. ಹೇಳುವುದಿಲ್ಲ ಅಂದೆ. 2017ರ ಎಚ್‌ಐವಿ ಕಾಯ್ದೆಯಲ್ಲೇ ಇದೆ. ಹೆಂಗಸಿಗೆ ಹೊಡೆತ ಬೀಳುವ, ಮನೆಯಿಂದ ಹೊರಗೆ ಹಾಕುವ ಭಯ ಇದ್ದರೆ ನಾವು ಗಂಡನಿಗೆ ತಿಳಿಸುವ ಹಾಗಿಲ್ಲ. ಆದರೆ ಅವನ ಪರೀಕ್ಷೆಯೂ ಆಗಬೇಕು, ಗುಳಿಗೆ ಶುರುವಾಗಬೇಕು. ಅವನು ಬಂದಾಗ ಇಬ್ಬರನ್ನೂ 'ಬಸುರಿ ತಪಾಸಣೆ' ಎಂದೇ ಕರೆಸಿ ಕೂರಿಸೋಣ ಅಂತ ಮಾತಾಡಿಕೊಂಡೆವು.

ಕೊನೆಗೆ ಹೊಟ್ಟೆ ಮೇಲೆ ಕೈ ಇಟ್ಟುಕೊಂಡು, "ಕೂಸಿಗೆ?" ಅಂದಳು.

ಅದಕ್ಕೆ ಮಾತ್ರ ಧೈರ್ಯವಾಗಿ ಉತ್ತರ ಕೊಟ್ಟೆ. ಔಷಧ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ಬರಬಹುದು. ಈಗಲೇ ಗುಳಿಗೆ ಶುರು ಮಾಡಿ, ಒಂದು ದಿನವೂ ಬಿಡದೆ ನುಂಗಿ, ಹುಟ್ಟಿದ ಕೂಸಿಗೂ ಸಿರಪ್ ಹಾಕಿದರೆ 5ಕ್ಕಿಂತ ಕಡಿಮೆ. ಗುಳಿಗೆಗೆ ದುಡ್ಡು ಕೊಡಬೇಕಾಗಿಲ್ಲ.

ಗುಳಿಗೆ ಡಬ್ಬಿ ಮೇಲಿನ ಚೀಟಿ ಕಿತ್ತು ಜೋಳದ ಹಿಟ್ಟಿನ ಡಬ್ಬದ ಹಿಂದೆ ಇಡುತ್ತಾಳಂತೆ. ಅಲ್ಲಿಗೆ ಅತ್ತೆ ಕೈ ಹಾಕುವುದಿಲ್ಲವಂತೆ.

ನಾಳೆ ಬೆಳಿಗ್ಗೆ ಏಳೂವರೆ ಬಸ್ಸಿಗೆ ಜಿಲ್ಲಾಸ್ಪತ್ರೆಯಲ್ಲಿ ಎಚ್‌ಐವಿ ಗುಳಿಗೆ ಕೊಡುವ ಎಆರ್‌ಟಿ ಸೆಂಟರ್‌ಗೆ ಅವಳ ಜೊತೆ ಹೋಗುತ್ತಿದ್ದೇನೆ.