ಮೊದಲು ಬೆಳಕು, ಆಮೇಲೆ ಅಲಂಕಾರ

ಡಿಸೆಂಬರ್ 21, 2025, ಭಾನುವಾರ

ರಜೆ ಶುರುವಾಯಿತು ಅಂದರೆ ನಮ್ಮ ಮನೆಯಲ್ಲಿ ಅಲಂಕಾರದ ಮಾತೂ ಶುರು. ಏನು ಮಾಡೋಣ, ಎಲ್ಲಿ ನೇತುಹಾಕೋಣ, ಯಾವ ಬಣ್ಣ ಇರಲಿ ಅಂತ. ನಾನು ಅದನ್ನೆಲ್ಲ ಸ್ವಲ್ಪ ಹಿಂದಕ್ಕೆ ಇಡುತ್ತೇನೆ. ಮೊದಲು ನೋಡುವುದು ಬೆಳಕನ್ನು. ಹಗಲಲ್ಲಿ ಯಾವ ಕಿಟಕಿಗೆ ಬಿಸಿಲು ಬೀಳುತ್ತದೆ, ಕತ್ತಲಾದ ಮೇಲೆ ಯಾವ ಮೂಲೆ ಮಂಕಾಗುತ್ತದೆ, ಸಂಜೆ ಎಲ್ಲರೂ ಎಲ್ಲಿ ಕೂರುತ್ತೇವೆ. ಇಷ್ಟು ಗೊತ್ತಾದರೆ ಯಾವುದನ್ನು ಎಲ್ಲಿಡಬೇಕು ಅನ್ನುವುದು ಮುಕ್ಕಾಲು ಪಾಲು ತೀರ್ಮಾನವಾದ ಹಾಗೆ.

ಇವತ್ತು ಭೂಮಿಯ ಉತ್ತರಾರ್ಧದಲ್ಲಿ ವರ್ಷದ ಅತಿ ಚಿಕ್ಕ ಹಗಲು. ಈ ಕಾಲದ ಅಲಂಕಾರದಲ್ಲಿ ನಕ್ಷತ್ರ, ಮೇಣದಬತ್ತಿ, ಪುಟ್ಟ ದೀಪಗಳೇ ಜಾಸ್ತಿ ಇರುವುದು ಸುಮ್ನೆ ಅಲ್ಲ ಅನ್ನಿಸುತ್ತದೆ ನನಗೆ. ಹೊರಗೆ ಬೇಗ ಕತ್ತಲಾದಾಗ ಒಳಗೆ ಬೆಳಕು ಬೇಕೆನ್ನಿಸುತ್ತದೆ, ಅಲ್ವಾ? ಹಾಗಾಗಿ ಇವತ್ತು ಮಾಡಿದ್ದೆಲ್ಲ ಬೆಳಕನ್ನು ಹಿಡಿಯುವ ಕೆಲಸವೇ. ಬೇಕಾಗಿದ್ದು ಕಾಗದ, ಕತ್ತರಿ, ಗೋಂದು, ದಾರ, ಒಂದು ಒಣ ಕೊಂಬೆ.

ಬೆಳಿಗ್ಗೆ ಮೊದಲು ಕೂತಿದ್ದು ಕಿಟಕಿಯ ನಕ್ಷತ್ರಕ್ಕೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಇದು. ಗಾಳಿಪಟ ಮಾಡುವ ತೆಳು ಬಣ್ಣದ ಕಾಗದ ಬೇಕು, ಬೆಳಕು ಅದರೊಳಗಿಂದ ಹಾಯಬೇಕು. ಡ್ರಾಯಿಂಗ್ ಶೀಟಿನಂಥ ದಪ್ಪ ಕಾಗದದಲ್ಲಿ ಮಾಡಿದರೆ ಆಕಾರ ಬರುತ್ತದೆ, ಜೀವ ಬರುವುದಿಲ್ಲ. 10 ಸೆಂ.ಮೀ. ಅಳತೆಯ ಎಂಟು ಚೌಕ ಕತ್ತರಿಸಿಕೊಳ್ಳಿ. ಒಂದು ಚೌಕವನ್ನು ಮೂಲೆಯಿಂದ ಮೂಲೆಗೆ ಮಡಿಸಿ ಬಿಡಿಸಿ, ನಡುವೆ ಒಂದು ಗೆರೆ ಬೀಳುತ್ತದೆ. ಆ ಗೆರೆಯ ಒಂದು ತುದಿಯನ್ನು ಚೂಪು ಅಂದುಕೊಂಡು, ಅದರ ಎಡ ಬಲದ ಅಂಚುಗಳನ್ನು ನಡುಗೆರೆಗೆ ತಂದು ಮಡಿಸಿ. ಗಾಳಿಪಟದ ಆಕಾರ ಸಿಗುತ್ತದೆ. ಮಡಿಸಿದ ಎರಡೂ ಪಟ್ಟಿಗಳ ಕೆಳಗೆ ಒಂದೊಂದು ಚುಕ್ಕೆ ಗೋಂದು, ಇಲ್ಲದಿದ್ದರೆ ಎರಡು ದಿನಕ್ಕೆ ಬಾಯಿ ಬಿಡುತ್ತವೆ. ಗೋಂದು ಕಡ್ಡಿಯ ರೂಪದ್ದೇ ಆಗಲಿ. ನೀರು ಗೋಂದು ಹಚ್ಚಿದರೆ ತೆಳು ಕಾಗದ ಸುಕ್ಕಾಗುತ್ತದೆ, ಆ ಸುಕ್ಕು ಬಿಸಿಲಿಗೆ ಎದ್ದು ಕಾಣುತ್ತದೆ.

ಹೀಗೆ ಎಂಟೂ ಆದ ಮೇಲೆ ಜೋಡಿಸುವುದು. ಚೂಪು ತುದಿ ಹೊರಗೆ, ಅಗಲದ ಮೂಲೆ ನಡುವಿಗೆ. ಎರಡನೆಯದನ್ನು ಮೊದಲನೆಯದರ ಮೇಲೆ ಇಡುವಾಗ ಅದರ ಕೆಳಗಿನ ಅಂಚು ಮೊದಲನೆಯದರ ನಡುಗೆರೆಯ ಮೇಲೆ ಸರಿಯಾಗಿ ಕೂರಬೇಕು. ಹೀಗೇ ಒಂದರ ಮೇಲೊಂದು ಸುತ್ತು ಬರಬೇಕು. ಕೊನೆಯದು ಏಳನೆಯದರ ಮೇಲೆ, ಮೊದಲನೆಯದರ ಅಡಿಗೆ. ಅದಕ್ಕೇ ಮೊದಲನೆಯದರ ಒಂದು ಪಕ್ಕಕ್ಕೆ ಕೊನೆಯವರೆಗೂ ಗೋಂದು ಹಾಕಬಾರದು.

ಮಗಳು ಐದನೆಯದನ್ನು ಅಂಟಿಸುವಾಗ ಕೇಳಿದಳು, "ಅಮ್ಮಾ, ಇದು ಸರಿಯಾಗಿ ಎಂಟಕ್ಕೇ ಮುಗಿಯತ್ತೆ ಅಂತ ಹೇಗೆ ಗೊತ್ತು?"

"ನಡುವಿಗೆ ಬರೋ ಮೂಲೆ ಎಷ್ಟು ಡಿಗ್ರಿ ಹೇಳು."

"ಚೌಕದ ಮೂಲೆ ಅಲ್ವಾ, ತೊಂಬತ್ತು."

"ಅದರಲ್ಲಿ ಅರ್ಧವನ್ನ ಇನ್ನೊಂದು ಮುಚ್ಚತ್ತೆ. ಹಾಗಾದ್ರೆ ಒಂದೊಂದು ಎಷ್ಟು ಮುಂದೆ ಹೋಗತ್ತೆ?"

ಬೆರಳಲ್ಲಿ ಲೆಕ್ಕ ಹಾಕಿದಳು. ನಲವತ್ತೈದು, ಎಂಟು ಸಲ, ಮುನ್ನೂರ ಅರವತ್ತು. ಅವಳ ಮುಖ ಅರಳಿತು. ಜರ್ಮನಿಯ ನೀಸ್ಕಿ ಅನ್ನುವ ಊರಿನ ಹುಡುಗರ ಶಾಲೆಯಲ್ಲಿ 1830ರ ದಶಕದಲ್ಲಿ ರೇಖಾಗಣಿತ ಕಲಿಸಲೆಂದೇ ಕಾಗದದ ನಕ್ಷತ್ರ ಮಾಡಿಸುತ್ತಿದ್ದರು. ಒಳಗೆ ದೀಪ ಇಟ್ಟು ನೇತುಹಾಕುವ, ಎಲ್ಲ ಕಡೆಗೂ ಚೂಪುಗಳಿರುವ ಮೊರೇವಿಯನ್ ನಕ್ಷತ್ರದ ಹುಟ್ಟು ಅಲ್ಲಿಯದು. ಪಾಠಕ್ಕೆಂದು ಮಾಡಿದ್ದು ಮನೆಮನೆಗೆ ಹೋಯಿತು ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ.

10 ಸೆಂ.ಮೀ. ಚೌಕದಿಂದ ಸುಮಾರು 28 ಸೆಂ.ಮೀ. ಅಗಲದ ನಕ್ಷತ್ರ ಬರುತ್ತದೆ. ಒಂದು ಗಾಜಿಗೆ ಒಂದು ಸಾಕು. ಮೇಜಿನ ಮೇಲೆ ಇದ್ದಾಗ ಅದು ಸುಮ್ನೆ ಹಳದಿ ಕಾಗದ. ಗಾಜಿಗೆ ಅಂಟಿಸಿದ ಕೂಡಲೇ ಬೇರೆಯೇ ಆಗುತ್ತದೆ. ಎರಡು ಪದರ ಇರುವಲ್ಲಿ ನಿಂಬೆ ಹಳದಿ, ಮೂರು ಇರುವಲ್ಲಿ ಅರಿಶಿನ, ಇನ್ನೂ ಜಾಸ್ತಿ ಇರುವಲ್ಲಿ ಹೆಚ್ಚುಕಡಿಮೆ ಕಿತ್ತಳೆ. ನಾವು ಬಿಡಿಸದೇ ಇದ್ದ ಇನ್ನೊಂದು ಪುಟ್ಟ ನಕ್ಷತ್ರ ನಡುವಲ್ಲಿ ಮೂಡುತ್ತದೆ. ಬಣ್ಣ ಒಂದೇ, ಪದರ ಮಾತ್ರ ಬೇರೆ. ಎರಡು ಮೂರು ಬಣ್ಣ ಬೆರೆಸುವ ಆಸೆ ಆಗುತ್ತದೆ, ಬೇಡ ಅನ್ನುತ್ತೇನೆ. ಒಂದೇ ಬಣ್ಣದಲ್ಲಿ ಈ ಆಟ ಚೆನ್ನಾಗಿ ಕಾಣುತ್ತದೆ. ಇನ್ನಷ್ಟು ಸಪೂರ ಚೂಪು ಬೇಕಿದ್ದರೆ ಎರಡು ಪಕ್ಕವನ್ನೂ ಇನ್ನೊಂದು ಸಲ ನಡುಗೆರೆಗೆ ಮಡಿಸಿ.

ಮುಂದಿನದು ಹಿಮದ ಹರಳು. ಇದನ್ನು ಬಿಳಿ ಕಾಗದದಲ್ಲೇ ಮಾಡಬೇಕು. ಕಾಗದವನ್ನು ಅರ್ಧ, ಅದರ ಅರ್ಧ, ಮತ್ತೆ ಅರ್ಧ ಮಡಿಸಿ ಕತ್ತರಿಸಿದರೆ ನಾಲ್ಕೋ ಎಂಟೋ ಮೂಲೆ ಬರುತ್ತದೆ. ಚೆಂದವೇ, ಆದರೆ ಹಿಮದ ಹರಳಿಗೆ ಇರುವುದು ಆರು. ಯಾಕೆ ಆರೇ ಅಂತ ಖಗೋಳ ವಿಜ್ಞಾನಿ ಕೆಪ್ಲರ್ 1611ರಲ್ಲೇ ಒಂದು ಪುಟ್ಟ ಪುಸ್ತಕ ಬರೆದು ಗೆಳೆಯನಿಗೆ ಹೊಸ ವರ್ಷದ ಉಡುಗೊರೆಯಾಗಿ ಕೊಟ್ಟಿದ್ದ. ಮಂಜುಗಡ್ಡೆಯಲ್ಲಿ ನೀರಿನ ಅಣುಗಳು ಆರು ಮೂಲೆಯ ಜೋಡಣೆಯಲ್ಲಿ ಕೂರುತ್ತವೆ, ಅದಕ್ಕೇ ಹೀಗೆ ಅನ್ನುವುದು ತಿಳಿದದ್ದು ಎಷ್ಟೋ ಕಾಲದ ಮೇಲೆ. ಗೊತ್ತಿದ್ದ ಮೇಲೆ ಆರನ್ನೇ ಮಾಡೋಣ ಅನ್ನುವುದು ನನ್ನ ಹಟ.

ಕಷ್ಟವೇನಿಲ್ಲ. ಚೌಕವನ್ನು ಮೂಲೆಗೆ ಮೂಲೆ ಸೇರಿಸಿ ತ್ರಿಕೋನ ಮಾಡಿ. ಉದ್ದನೆಯ ಅಂಚಿನ ನಡುವನ್ನು ಗುರುತು ಮಾಡಿ. ಆ ಗುರುತಿನಿಂದ ಬಲಭಾಗವನ್ನೂ ಎಡಭಾಗವನ್ನೂ ಒಂದರ ಮೇಲೊಂದು ಬರುವಂತೆ ಮೂರು ಸಮಪಾಲಾಗಿ ಮಡಿಸಿ. ಒಂದೊಂದು ಪಾಲು 60 ಡಿಗ್ರಿ. ಅದನ್ನು ಇನ್ನೊಮ್ಮೆ ಅರ್ಧ ಮಡಿಸಿ, ಮೇಲೆ ಚಾಚಿದ ಕಿವಿಗಳನ್ನು ಕತ್ತರಿಸಿ ಹಾಕಿ. ಈಗ ಕೈಯಲ್ಲಿರುವುದು ಹನ್ನೆರಡು ಪದರ. ಅದಕ್ಕೇ ತೆಳು ಕಾಗದ ಬೇಕು, ಪ್ರಿಂಟರಿಗೆ ಹಾಕುವ 80 ಜಿಎಸ್‌ಎಂ ಕಾಗದವೇ ಮಕ್ಕಳ ಕೈಗೆ ಸ್ವಲ್ಪ ಗಟ್ಟಿ. ಎರಡೂ ಪಕ್ಕದ ಮಡಿಕೆಯಲ್ಲಿ ಕಚ್ಚು ಹಾಕುತ್ತಾ ಹೋಗಿ. ಕಚ್ಚಿಗೂ ಕಚ್ಚಿಗೂ ನಡುವೆ ಮಡಿಕೆ ಸ್ವಲ್ಪ ಉಳಿಯಲೇಬೇಕು, ಪೂರ್ತಿ ಕತ್ತರಿಸಿದರೆ ಬಿಡಿಸಿದಾಗ ಚೂರುಚೂರಾಗಿ ಕೈಗೆ ಬರುತ್ತದೆ. ಚೂಪು ತುದಿಯನ್ನು ಹೇಗೆ ಕತ್ತರಿಸುತ್ತೀರೋ ಹಾಗೆ ನಡುವಿನ ಆಕಾರ.

ಬಿಡಿಸುವ ಗಳಿಗೆ ಮಾತ್ರ ಮಕ್ಕಳಿಗೇ ಬಿಡಿ. ಅದನ್ನು ಅವರಿಂದ ಕಸಿಯಬಾರದು.

ಬಿಳಿ ಹರಳನ್ನು ಬಿಳಿ ಗೋಡೆಗೆ ಹಚ್ಚಿದರೆ ಏನೂ ಕಾಣುವುದಿಲ್ಲ. ಕಿಟಕಿಯ ಗಾಜಿಗೆ ಹಚ್ಚಬಹುದು. ಅದಕ್ಕಿಂತ ಚೆನ್ನಾಗಿರುವುದು ದಾರದಲ್ಲಿ ಕಟ್ಟಿ ಗೋಡೆಯಿಂದ ಒಂದು ಗೇಣು ಈಚೆ ನೇತುಹಾಕಿ, ಟೇಬಲ್ ಲ್ಯಾಂಪನ್ನು ಎದುರಿಗೆ ಇಡುವುದು. ಹರಳಿಗಿಂತ ಅದರ ನೆರಳು ದೊಡ್ಡದಾಗಿ ಗೋಡೆ ತುಂಬುತ್ತದೆ. ಫ್ಯಾನ್ ಗಾಳಿಗೆ ನಿಧಾನ ತಿರುಗಿದಾಗ ನೆರಳೂ ತಿರುಗುತ್ತದೆ. ಅತ್ತೆ ಸುಮಾರು ಹೊತ್ತು ನೋಡುತ್ತಾ ಕೂತಿದ್ದರು.

ಮಧ್ಯಾಹ್ನ ಕೊಂಬೆಯ ಕೆಲಸ. ಉದುರಿ ಬಿದ್ದ ಒಣ ಕೊಂಬೆ, ಕವಲು ಜಾಸ್ತಿ ಇರುವಂಥದ್ದು. ಹಸಿ ಮರ ಕಡಿಯುವುದು ಬೇಡವೇ ಬೇಡ. ಬ್ರಷ್‌ನಿಂದ ಮಣ್ಣು ಉಜ್ಜಿ, ಬಿಸಿಲಲ್ಲಿ ಒಣಗಿಸಿ, ಭಾರದ ಬಾಟಲಿಗೆ ಇಳಿಸಿ ಸುತ್ತ ಕಲ್ಲು ತುಂಬಬೇಕು. ಮೇಲೆ ಭಾರ ಆದಂತೆ ವಾಲುತ್ತದೆ, ಅದಕ್ಕೇ ಅಡಿ ಗಟ್ಟಿಯಾಗಿರಲಿ. ಜಾಗ ಕಡಿಮೆ ಇರುವ ಮನೆಯಲ್ಲಿ ಗೋಡೆಯ ಮೇಲೇ ಮರ ಮಾಡಬಹುದು. ಉದ್ದದಿಂದ ಗಿಡ್ಡಕ್ಕೆ ಇಳಿಯುವ ಐದಾರು ಕಡ್ಡಿ, ಎರಡೂ ತುದಿಗೆ ದಾರ ಕಟ್ಟಿ ಏಣಿಯ ಥರ ಒಂದರ ಕೆಳಗೊಂದು, ಗಿಡ್ಡದ್ದು ಮೇಲೆ. ಒಂದೇ ಮೊಳೆ ಸಾಕು. ರಜೆ ಮುಗಿದ ಮೇಲೆ ಸುತ್ತಿ ಇಟ್ಟರೆ ಕೈ ಹಿಡಿಯಷ್ಟು ಜಾಗ.

ಕೊಂಬೆಗೆ ನೇತುಹಾಕಿದ್ದು ಒಣಗಿಸಿದ ಕಿತ್ತಳೆ ಬಿಲ್ಲೆ. ಅರ್ಧ ಸೆಂ.ಮೀ. ದಪ್ಪಕ್ಕೆ ಅಡ್ಡಡ್ಡ ಕೊಯ್ದು, ಬಟ್ಟೆಯಲ್ಲಿ ಒತ್ತಿ ರಸ ತೆಗೆದು, ಓವನ್‌ನಲ್ಲಿ 95–100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ನಾಲ್ಕು ಗಂಟೆ ಇಡಬೇಕು. ನಡುನಡುವೆ ಮಗುಚಬೇಕು. ಶಾಖ ಜಾಸ್ತಿ ಮಾಡಿದರೆ ಬೇಗ ಆಗುವುದಿಲ್ಲ, ಕಂದು ತಿರುಗುತ್ತದೆ ಅಷ್ಟೇ. ಬೆರಳಿಗೆ ಅಂಟದಿದ್ದರೆ ಆಯಿತು. ಓವನ್ ಇಲ್ಲದವರು ಬಲೆ ಮುಚ್ಚಿ ಬಿಸಿಲಲ್ಲಿ ಒಣಗಿಸಬಹುದು, ದಿನಗಳು ಹಿಡಿಯುತ್ತವೆ. ಗಾಳಿಯಲ್ಲಿ ತೇವ ಜಾಸ್ತಿ ಇರುವ ಕಡೆ ಇವು ಮತ್ತೆ ಮೆತ್ತಗಾಗುತ್ತವೆ, ಬೂಸಲು ಕಂಡರೆ ಮುಲಾಜಿಲ್ಲದೆ ಎಸೆಯಿರಿ. ಬಿಲ್ಲೆಯನ್ನೂ ಬೆಳಕು ಹಿಂದೆ ಬರುವ ಕಡೆಯೇ ಕಟ್ಟಬೇಕು. ಆಗಲೇ ಒಂದೊಂದು ತೊಳೆಯ ಗೆರೆಯೂ ಕಾಣುವುದು.

ಪೈನ್ ಮರದ ಕಾಯಿ ಸಿಕ್ಕರೆ ಬಿಡಬೇಡಿ. ಒದ್ದೆಯಾದಾಗ ಅದರ ಎಸಳು ಮುಚ್ಚುತ್ತದೆ, ಒಣಗಿದಾಗ ಬಿಚ್ಚುತ್ತದೆ. ಒಂದೊಂದು ಎಸಳಿನಲ್ಲೂ ತೇವಕ್ಕೆ ಬೇರೆಬೇರೆ ಥರ ಹಿಗ್ಗುವ ಪದರಗಳಿವೆ, ಬಾಗುವುದು ಅದರಿಂದ. ಮುಚ್ಚಿದ ಕಾಯಿಯನ್ನು ಸಣ್ಣ ಶಾಖದ ಓವನ್‌ನಲ್ಲಿ ಅರ್ಧ ಗಂಟೆ ಇಟ್ಟರೆ ಬಿಚ್ಚಿಕೊಳ್ಳುತ್ತದೆ, ಒಳಗಿನ ಹುಳುವೂ ಸಾಯುತ್ತದೆ. ಕಾಯಿಯಲ್ಲಿ ಹತ್ತಿಕೊಳ್ಳುವ ಅಂಟು ಇರುತ್ತದೆ, ಹತ್ತಿರವೇ ಇದ್ದು ನೋಡಿಕೊಳ್ಳಿ. ಇದಕ್ಕೆ ಮಾತ್ರ ಬೆಳಕು ಪಕ್ಕದಿಂದ ಬೀಳಬೇಕು.

ಈಗ ದೀಪದ ಸರ. ಕೊಳ್ಳುವುದಿದ್ದರೆ ಡಬ್ಬದ ಮೇಲೆ ಕೆಲ್ವಿನ್ ಸಂಖ್ಯೆ ನೋಡಿ. 2700 ಆಸುಪಾಸು ಇದ್ದರೆ ಬೆಚ್ಚನೆಯ ಹಳದಿ ಬೆಳಕು, 6500 ಅಂದರೆ ನೀಲಿ ಹೊಡೆಯುವ ಬಿಳಿ. ಕಾಗದ, ಕಟ್ಟಿಗೆ, ಒಣಹಣ್ಣಿಗೆ ಹಳದಿಯೇ ಒಪ್ಪುತ್ತದೆ. ಒಂದೇ ಕೋಣೆಯಲ್ಲಿ ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ. ಮಿಣಮಿಣ ಮಿನುಗುವ ಬಟನ್ ಇರುತ್ತದಲ್ಲ, ಅದನ್ನು ನಾನು ಮುಟ್ಟುವುದಿಲ್ಲ. ಸಂಜೆ ಪೂರ್ತಿ ಕೂರುವ ಜಾಗದಲ್ಲಿ ಕಣ್ಣಿಗೆ ನಿಂತ ಬೆಳಕು ಬೇಕು.

ಎಲ್‌ಇಡಿ ಬಂದ ಮೇಲೆ ಕಾಗದದ ಅಲಂಕಾರಕ್ಕೆ ಧೈರ್ಯ ಬಂದಿದೆ. ಹಳೆಯ ತಂತಿ ಬಲ್ಬು ತಾನು ತಿನ್ನುವ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿಯೇ ಬಿಡುತ್ತದೆ. ಅದಕ್ಕೂ ಮೊದಲು ಕ್ರಿಸ್‌ಮಸ್ ಮರದ ಕೊಂಬೆಗೆ ನಿಜವಾದ ಮೇಣದಬತ್ತಿಯನ್ನೇ ಸಿಕ್ಕಿಸಿ ಹಚ್ಚುತ್ತಿದ್ದರು. 1882ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ನನ ಜೊತೆಗಾರ ಎಡ್ವರ್ಡ್ ಜಾನ್ಸನ್ ಮನೆಯ ಮರಕ್ಕೆ 80 ಪುಟ್ಟ ವಿದ್ಯುತ್ ದೀಪ ಕಟ್ಟಿದ. ಕೆಂಪು, ಬಿಳಿ, ನೀಲಿ. ಇವತ್ತಿನ ಸರಗಳೆಲ್ಲ ಅದರ ಮಕ್ಕಳು ಮೊಮ್ಮಕ್ಕಳು.

ಗಾಜಿನ ಜಾಡಿಯೊಳಗೆ ಬ್ಯಾಟರಿ ಸರ ಸುರಿದು, ಹೊರಗೆ ತೆಳು ಕಾಗದ ಸುತ್ತಿದರೆ ಅದೇ ಒಂದು ಲಾಂದ್ರ. ಲೇಬಲ್ ಬಿಸಿ ಸೋಪುನೀರಲ್ಲಿ ನೆನೆದು ಬರುತ್ತದೆ, ಉಳಿದ ಅಂಟಿಗೆ ಅಡುಗೆ ಎಣ್ಣೆ ಹಚ್ಚಿ ಉಜ್ಜಿ. ನಿಜವಾದ ಮೇಣದಬತ್ತಿ ಹಚ್ಚುವುದಾದರೆ ಕಾಗದದ ಲಾಂದ್ರ ಬೇಡ, ಖಾಲಿ ಗಾಜು ಸಾಕು. ಹತ್ತಿಕೊಳ್ಳುವ ಯಾವುದೇ ವಸ್ತು ಕನಿಷ್ಠ 30 ಸೆಂ.ಮೀ. ದೂರ ಇರಲಿ, ಪರದೆಯನ್ನು ಮರೆಯಬೇಡಿ. ಕೋಣೆ ಬಿಟ್ಟು ಹೋಗುವಾಗ, ಮಲಗುವಾಗ ಆರಿಸಲೇಬೇಕು. ದೀಪದ ಸರದ ವೈರು ಬಾಗಿಲ ಸಂದಿಯಲ್ಲಿ ಸಿಕ್ಕಬಾರದು, ಕಾರ್ಪೆಟ್ ಅಡಿ ಹೋಗಬಾರದು. ಇದರಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಬೆಕ್ಕು ನಾಯಿ ಇರುವ ಮನೆಯಲ್ಲಿ ಮಿಂಚುವ ತೆಳು ಪಟ್ಟಿಗಳನ್ನು (ಟಿನ್ಸೆಲ್) ತರಲೇಬೇಡಿ, ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತವೆ.

ಸಂಜೆ ಎಲ್ಲ ಆದ ಮೇಲೆ ಇನ್ನೂ ಒಂದಷ್ಟು ಹರಳು, ಬಿಲ್ಲೆ ಉಳಿದಿದ್ದವು. ಅತ್ತೆ ಕೇಳಿದರು, "ಆ ಕಪಾಟಿನ ಮೇಲೆ, ಟಿವಿ ಹತ್ತಿರ ಎಲ್ಲ ಖಾಲಿ ಇದೆಯಲ್ಲಮ್ಮ, ಅಲ್ಲೂ ಹಾಕಬಾರದಾ?"

"ಅಲ್ಲಿ ಬೆಳಕು ಬರಲ್ಲ ಅತ್ತೆ. ಹಾಕಿದ್ರೂ ಕಾಣಲ್ಲ. ಕಿಟಕಿ, ಕೊಂಬೆ, ಆ ಮೂಲೆ ಗೋಡೆ, ಮೂರೇ ಸಾಕು ಅನ್ನಿಸತ್ತೆ."

ಅವರು ದೊಡ್ಡ ಲೈಟ್ ಆರಿಸಿ ಒಂದು ಸಲ ಸುತ್ತ ನೋಡಿ, "ಹೂಂ, ಸರಿ. ಉಳಿದಿದ್ದನ್ನ ಮಕ್ಕಳ ಕೈಲಿ ಗೆಳೆಯರಿಗೆ ಕೊಡಿಸು" ಅಂದರು. ಒಳ್ಳೆಯ ಮಾತು. ಹರಳುಗಳನ್ನು ಲಕೋಟೆಗೆ ಹಾಕಿದ್ದಾಯಿತು, ಹೊಸ ವರ್ಷದ ಶುಭಾಶಯವನ್ನು ಮಗಳು ಅದರ ಮೇಲೇ ಬರೆಯುತ್ತಾಳಂತೆ.

ತೆಗೆದಿಡುವ ಬಗ್ಗೆಯೂ ಈಗಲೇ ಬರೆದುಬಿಡುತ್ತೇನೆ. ಬಿಸಿಲಿಗೆ ಬಣ್ಣದ ಕಾಗದ ಮಾಸುತ್ತದೆ, ಹಾಗಾಗಿ ರಜೆ ಮುಗಿದ ಮೇಲೆ ಕಿಟಕಿಯಲ್ಲೇ ಬಿಡಬೇಡಿ. ನಕ್ಷತ್ರವನ್ನು ದಪ್ಪ ಪುಸ್ತಕದ ನಡುವೆ ಚಪ್ಪಟೆಯಾಗಿಡಿ. ಸರವನ್ನು ರಟ್ಟಿಗೆ ಸುತ್ತಿ, ಪ್ಲಗ್ ಇರುವ ತುದಿ ಹೊರಗೆ ಬರಲಿ. ಮುಂದಿನ ವರ್ಷ ಬಿಡಿಸುವ ಮೊದಲೇ ಹತ್ತಿಸಿ ನೋಡಬಹುದು. ಬ್ಯಾಟರಿಗಳನ್ನು ತೆಗೆದೇ ಇಡಿ, ಒಳಗೇ ಬಿಟ್ಟರೆ ಸೋರಿ ಡಬ್ಬಿ ಹಾಳು.

ನಾಳೆಗೆ ಬಾಗಿಲಿಗೆ ನೇತುಹಾಕುವ ಬಳೆ ಬಾಕಿ ಇದೆ. ರಟ್ಟಿನಲ್ಲಿ 30 ಸೆಂ.ಮೀ. ಅಗಲದ ಬಳೆ ಕತ್ತರಿಸಿ ಹಳೆಯ ಬಟ್ಟೆಯ ಪಟ್ಟಿಗಳನ್ನು ಒತ್ತೊತ್ತಾಗಿ ಗಂಟು ಹಾಕುತ್ತಾ ಹೋಗುವುದು. ಬಾಗಿಲ ಹೊರಗೆ ಸಂಜೆ ಬೆಳಕು ಕಡಿಮೆ, ಅದಕ್ಕೇ ಬಿಳಿ ಮತ್ತು ತಿಳಿ ಹಳದಿ ಬಟ್ಟೆಯನ್ನೇ ಆರಿಸಿಟ್ಟಿದ್ದೇನೆ.